ಸ್ಲೋಡ್ ರಿವರ್ಬ್ ಕೇಳಿ ಕೇಳಿ ಒರಿಜಿನಲ್ ಹಾಡೇ ಬೇರೆ ಥರ ಅನ್ಸ್ತಿದೆ, ಯಾಕೆ?

ರಾತ್ರಿರಾಗ:
ತಮಾಶಾ (2015) ಸಿನಿಮಾದ ಅಗರ್ ತುಮ್ ಸಾಥ್ ಹೋ ಹಾಡನ್ನ ಒಂದ್ ವರ್ಷದಿಂದ ಬರೀ ಸ್ಲೋಡ್ ರಿವರ್ಬ್‌ನಲ್ಲೇ (ಹಾಡನ್ನ ನಿಧಾನ ಮಾಡಿ, ರಿವರ್ಬ್ ಅಂದ್ರೆ ಪ್ರತಿಧ್ವನಿ ಥರದ ಗುಂಗು ಸೇರಿಸಿದ ಎಡಿಟ್) ಕೇಳ್ತಿದ್ದೆ, ಹಿಂದೆ ಮಳೆ ಸೌಂಡ್ ಬೇರೆ ಸೇರಿಸಿರ್ತಾರಲ್ಲ ಅದು. ಮೊನ್ನೆ ಒರಿಜಿನಲ್ ಹಾಕಿದ್ರೆ ಯಾರೋ ಅವಸರದಲ್ಲಿ ಹಾಡಿ ಮುಗಿಸ್ದಂಗಿತ್ತು, ಅಲ್ಕಾ ಯಾಗ್ನಿಕ್ ದನಿ ಇಷ್ಟು ಎಳೇದಾ ಅಂತ ಆಶ್ಚರ್ಯ ಆಯ್ತು. ನಿಧಾನ ಮಾಡಿದ್ರೆ ಹಾಡಿನ ದುಃಖಾನೇ ಬದಲಾಗುತ್ತಾ, ಇಲ್ಲ ನಂಗೆ ಅಭ್ಯಾಸ ಆಗ್ಬಿಟ್ಟಿದ್ಯಾ?

ಕರಿ_ಮೂರು:
ನಾನೂ ಇಂಥ ಎಡಿಟ್ ಮಾಡ್ತೀನಿ. ಸ್ಪೀಡ್ 0.85ಕ್ಕೆ ಇಳಿಸಿದ್ರೆ ಶ್ರುತಿನೂ ಹತ್ತತ್ರ 3 ಸೆಮಿಟೋನ್ ಇಳಿಯುತ್ತೆ, ಅಂದ್ರೆ ಹಾರ್ಮೋನಿಯಂನಲ್ಲಿ ಕರಿ ಬಿಳಿ ಎಲ್ಲ ಎಣಿಸಿ ಮೂರು ಕೀ ಕೆಳಗೆ. ಶ್ರುತಿ ಮುಟ್ಟದೆ ಬರೀ ಟೆಂಪೋ, ಅಂದ್ರೆ ಲಯದ ವೇಗ, ಕಮ್ಮಿ ಮಾಡೋ ದಾರಿನೂ ಇದೆ, ಆದ್ರೆ ಆ ಭಾರ ಬರಲ್ಲ. ಹೂಸ್ಟನ್‌ನ ಡಿಜೆ ಸ್ಕ್ರೂ 90ರ ದಶಕದಲ್ಲಿ ಹಿಪ್‌ಹಾಪ್ ಹಾಡುಗಳನ್ನ ಹಿಂಗೇ ನಿಧಾನ ಮಾಡಿ ಕ್ಯಾಸೆಟ್ ಮಾಡ್ತಿದ್ದ, ಈ ರೂಢಿಯ ಬೇರು ಅಲ್ಲಿದೆ. ರಿವರ್ಬ್ ಸೇರಿಸಿದ್ರೆ ಹಾಡೋರು ಖಾಲಿ ಹಾಲ್‌ನ ಆ ತುದೀಲಿ ನಿಂತಂಗೆ.

ಮದನಪ್ರಿಯೆ:
ಬದಲಾಗುತ್ತೆ, ಖಂಡಿತ. ಆ ಹಾಡಲ್ಲಿ ಅವಳು ಇರು ಅಂತ ಬೇಡ್ಕೊಳ್ತಾಳೆ, ಅರಿಜಿತ್ ಸಿಂಗ್ ದನೀಲಿ ಅವನು ಅದನ್ನ ನಂಬಲ್ಲ, ಇಬ್ಬರ ಮಾತು ಅದು. ನಿಧಾನ ಮಾಡ್ದಾಗ ಅವಳ ದನಿ ಭಾರ ಆಗಿ ಅವನ ದನಿ ಹತ್ರ ಬಂದ್ಬಿಡುತ್ತೆ, ರಿವರ್ಬ್‌ನಲ್ಲಿ ಒಂದು ಪದದ ಬಾಲ ಇನ್ನೊಂದರ ಮೇಲೆ ಬೀಳುತ್ತೆ, ಈಗ ಕಣ್ಮುಂದೆ ನಡೀತಿರೋದು ಯಾವತ್ತೋ ಮುಗಿದುಹೋದ ನೆನಪಾಗುತ್ತೆ. ಲಗ್ ಜಾ ಗಲೇಗೂ (1964) ಹಿಂಗೇ ಮಾಡ್ತಾರೆ, ಅದಂತೂ ನನಗೆ ತಡ್ಕೊಳ್ಳಕ್ಕಾಗಲ್ಲ. ಈ ಜನ್ಮದಲ್ಲಿ ಮತ್ತೆ ಸಿಗ್ತೀವೋ ಇಲ್ವೋ ಅಂತ ಹಾಡ್ತಿರೋರಿಗೆ ಟೈಮೇ ಇಲ್ಲ, ಅದನ್ನ ಎಳೆದು ಕೆಳಗೊಂದು ಡ್ರಮ್ ಲೂಪ್ (ಒಂದೇ ಬೀಟ್ ಮತ್ತೆ ಮತ್ತೆ ಬರೋದು) ಹಾಕಿದ್ರೆ ಸಂಗೀತ ನಿರ್ದೇಶಕ ಮದನ್ ಮೋಹನ್ ಇಟ್ಟಿದ್ದ ಆ ಆತುರ ಎಲ್ಲಿ ಉಳೀತು?

ಕರಿ_ಮೂರು:
ಲೂಪ್ ವಿಷಯ ಒಪ್ಪಿದೆ ಮೇಡಂ, ಲತಾ ಸಾಲಿನ ಕೊನೇಲಿ ಬಿಡೋ ಜಾಗಾನ ಬೀಟ್ ತುಂಬ್ಬಿಡುತ್ತೆ. ಆದ್ರೆ ಲೂಪ್ ಇಲ್ದೆ ಬರೀ ನಿಧಾನ ಮಾಡಿ ಕೇಳಿ, ಅವರು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರೋದು ಎಳೆ ಎಳೆಯಾಗಿ ಗೊತ್ತಾಗುತ್ತೆ. ನಾನು ಮೀಂಡ್ ಅಂದ್ರೇನು ಅಂತ ಕಲ್ತಿದ್ದೇ ಹಂಗೆ.

ರಾತ್ರಿರಾಗ:
ಇಬ್ಬರಿಗೂ ಥ್ಯಾಂಕ್ಸ್. ಈಗಷ್ಟೇ ಎರಡೂ ಒಂದಾದ್ಮೇಲೊಂದು ಹಾಕಿ ಕೇಳ್ದೆ. ಒರಿಜಿನಲ್‌ನಲ್ಲಿ ಅವಳು ನಿಜವಾಗ್ಲೂ ಯಾರನ್ನೋ ತಡೀತಿದಾಳೆ, ಒಂದ್ ವರ್ಷ ಅದು ನನ್ನ ಕಿವಿಗೇ ಬಿದ್ದಿರಲಿಲ್ಲ.