ಏರ್ ಲೋಡು ತಡ ಆದ ದಿನ ಗುಳಿಗಿ ಯಾವಾಗ? ಡಾಕ್ಟರ್ ಮೇಡಂ ಜೋಡಿ ಪ್ರಶ್ನೋತ್ತರ

ಅಡ್ಮಿನ್: ಪಾರ್ಸಲ್ ಹಂಚೂ ಗೆಳೆಯರ ಗ್ರೂಪಿಗೆ ನಮಸ್ಕಾರ. ದಿಲ್ಲಿ ಮಂಜಿಗೆ ವಾರದಿಂದ ಏರ್ ಲೋಡು, ಅಂದ್ರ ವಿಮಾನದಾಗ ಬರೂ ಪಾರ್ಸಲ್, ತಡ, ಎಲ್ಲಾರ ಊಟ-ನಿದ್ದಿ ಕೆಟ್ಟೈತಿ. ಹುಬ್ಬಳ್ಳಿ ವಿದ್ಯಾನಗರದ ಡಾಕ್ಟರ್ ಮೇಡಂ ಹತ್ತರ ತನಕ ಇರ್ತಾರ. ಗುಡ್ ನೈಟ್ ಫೋಟೋ ಬ್ಯಾಡ.

ಕೇಶ್ವಾಪುರ ರೂಟ್: ಮೇಡಂ, ಏಳಕ್ಕ ಹಬ್ಬಿಗೆ (ಪಾರ್ಸಲ್ ವಿಂಗಡಿಸೂ ಗೋದಾಮಿಗೆ) ಬರ್ತೀವಿ, ಲೋಡು ಹನ್ನೊಂದಕ್ಕ. ಅಲ್ಲೀತನ ಬರೇ ಚಾ. ಎದಿ ಉರೀತೈತಿ.

ಡಾಕ್ಟರ್: ಕಾಯೋ ಹೊತ್ತಿನ್ಯಾಗ ಬುತ್ತಿ ಬಿಚ್ಚಿ ತಿನ್ರಿ, ಚಾ ಕಡಿಮಿ ಮಾಡ್ರಿ. ಎದಿ ಉರಿ ಜೋಡಿ ಬೆವರು, ಎಡಗೈ ನೋವು ಬಂದ್ರ ಗ್ಯಾಸ್ ಅಂತ ಕುಂದ್ರಬ್ಯಾಡ್ರಿ, ಇಸಿಜಿ ಮಾಡಿಸ್ರಿ.

ಗೋಕುಲ ರೋಡ್ ರೂಟ್: ರಾತ್ರಿ ಹತ್ತಕ್ಕ ಕ್ಯಾಶ್ ಕಟ್ಟಿ ಮನಿಗೆ ಹೋದ್ರ ನಿದ್ದಿನ ಹತ್ತೂದಿಲ್ರಿ. ಏನ್ ಮಾಡ್ಲಿ?

ನವನಗರ ರೂಟ್: ನನಗ ಶುಗರ್ ಐತ್ರಿ, ವಯಸ್ಸು 41. ಮುಂಜಾನೆ ಗ್ಲಿಮೆಪಿರೈಡ್ ಗುಳಿಗಿ ಮನ್ಯಾಗ ನುಂಗಿ, ನಾಷ್ಟಾ ಹಬ್ಬಿನ ಹತ್ರ ಮಾಡೂದು ರೂಢಿ. ಮೊನ್ನೆ ಈಗ ಬರತೈತಿ, ಆಗ ಬರತೈತಿ ಅಂತ ಕಾದು, ಲೋಡು ಬಂದ ಕೂಡಲೇ 90 ಪಾರ್ಸಲ್ ಹೇರ್ಕೊಂಡು ತಿನ್ನದ ಹೊಂಟೆ. ಉಣಕಲ್ ಹತ್ರ ಒಂದು ಮನಿ ಮುಂದ ಕೈ ನಡುಗಿ ಫೋನ್ ಬಿತ್ತು. ಓಟಿಪಿ ಮೂರು ಸಲ ಹೇಳಿದ್ರೂ ಒತ್ತಾಕ ಬರಲಿಲ್ಲ. ಅಂಗಿ ಪೂರ್ತಿ ತೊಯ್ದಿತ್ತು. "ಹಾಡೇ ಹಗಲ ಕುಡದ ಬಂದೀಯಲ್ಲೋ" ಅಂದ್ರು. ಆ ಮನಿ ಅಜ್ಜಿ ಎರಡು ಪೇಢಾ ಕೊಟ್ಟ ಮ್ಯಾಲೆ ಸುಧಾರಿಸ್ತು. ಬಿಪಿ ಇರಬಹುದೇನ್ರಿ?

ಡಾಕ್ಟರ್: ಬಿಪಿ ಅಲ್ಲಪಾ, ಶುಗರ್ ಇಳಿದ ಲಕ್ಷಣ ಇವು. ಆ ಗುಳಿಗಿ ನೀವು ಉಂಡೀರೋ ಇಲ್ಲೋ ನೋಡೂದಿಲ್ಲ, ಇನ್ಸುಲಿನ್ ಹೊರಗ ತಗೀತೈತಿ. ಹೊಟ್ಟಿ ಖಾಲಿ, ಮ್ಯಾಲೆ ಮಹಡಿ ಹತ್ತೂದು ಇಳಿಯೂದು. 70ರ ಕೆಳಗ ಬಿದ್ದಿರಬೇಕು. ಮೊದಲು ಬೆವರು, ನಡುಕ. ಆಮ್ಯಾಲೆ ಅಂಕಿ ಒತ್ತಾಕ ಬರಲಾರದಂಥ ಗೊಂದಲ. ನನಗ ಹೆದರಿಕಿ ಆಗಿದ್ದು ಅದಕ್ಕ, ಯಾಕಂದ್ರ ಐದು ನಿಮಿಷ ಮೊದಲ ನೀವು ಗಾಡಿ ಮ್ಯಾಲಿದ್ರಿ.

ಇನ್ನ ಗುಳಿಗಿ ಮನ್ಯಾಗ ನುಂಗಬ್ಯಾಡ್ರಿ. ಬುತ್ತಿ ಬಿಚ್ಚಿ ಮುಂದಿಟ್ಕೊಂಡ ಮ್ಯಾಲೆ ನುಂಗ್ರಿ, ಲೋಡು ಎಷ್ಟೊತ್ತಿಗರ ಬರಲಿ. ಕಿಸೆದಾಗ ಗ್ಲೂಕೋಸ್ ಪುಡಿ ಇರಲಿ. ನಡುಕ ಬಂದ್ರ ಗಾಡಿ ನಿಲ್ಲಿಸಿ ಮೂರು ಚಮಚ ಸಕ್ಕರಿ ನೀರಾಗ ಕಲಿಸಿ ಕುಡೀರಿ, 15 ನಿಮಿಷ ಕುಂದ್ರಿ, ಸುಧಾರಿಸದಿದ್ರ ಮತ್ತೊಮ್ಮೆ, ಆಮ್ಯಾಲೆ ಊಟ. ಪೇಢಾದಾಗಿನ ಕೊಬ್ಬಿನಿಂದ ಸಕ್ಕರಿ ನಿಧಾನ ಏರತೈತಿ, ಆದ್ರೂ ಅಜ್ಜಿಗೆ ನನ್ನ ನಮಸ್ಕಾರ ಹೇಳ್ರಿ. ಈ ಗುಳಿಗಿ ತಾಸುಗಟ್ಟಲೆ ಕೆಲಸ ಮಾಡತೈತಿ, ಮತ್ತ ಇಳೀಬಹುದು. ಅವತ್ತ ಗಾಡಿ ಹೊಡೀಬ್ಯಾಡ್ರಿ. ಗುಳಿಗಿ ಬರಕೊಟ್ಟ ಡಾಕ್ಟರಿಗೆ ನಾಳೆನ ಹೇಳ್ರಿ.

ಧಾರವಾಡ ಸಪ್ತಾಪುರ ರೂಟ್: *ಫಾರ್ವರ್ಡ್* ಹಾಗಲಕಾಯಿ ರಸ, ಮೆಂತ್ಯದ ನೀರು 21 ದಿನ. ಶುಗರ್ ಗುಳಿಗಿ ಬಂದ್!! ಹತ್ತು ಮಂದಿಗೆ ಕಳಿಸ್ರಿ 🙏

ಡಾಕ್ಟರ್: ಕಳಿಸಬ್ಯಾಡ್ರಿ. ಶುಗರ್ ಇಳಿದು ಬೀಳೂ ಮನಷ್ಯಾಗ ಇನ್ನೂ ಇಳಿಸೂ ರಸ ಹೇಳಾಕತ್ತೀರಿ.

ಸಪ್ತಾಪುರ ರೂಟ್: ನಮ್ಮ ಮಾವಗ ಆರಾಮ ಆಗೈತ್ರಿ.

ಡಾಕ್ಟರ್: ನಿಮ್ಮ ಮಾವ ಖಾಲಿ ಹೊಟ್ಟಿಲೇ ಪಾರ್ಸಲ್ ಹಂಚ್ತಾರೇನ್ರಿ?

ಗೋಕುಲ ರೋಡ್ ರೂಟ್: ಇದಕ್ಕೆಲ್ಲಾ ಹಬ್ಬಿನವ್ರ ಕಾರಣ. ಏಳಕ್ಕ ಕರದು ಹನ್ನೊಂದರ ತನಕ ಕುಂದ್ರಸ್ತಾರ, ಆ ನಾಕು ತಾಸಿಗೆ ಒಂದು ಪೈಸೆ ಇಲ್ಲ.

ಸಾರ್ಟಿಂಗ್ ಹುಡುಗ: ದಿಲ್ಲಿ ವಿಮಾನ ದೇವನಹಳ್ಳಿಗೆ ಇಳೀದಿದ್ರ ನಾ ಏನ್ ಮಾಡ್ಲಿ ಅಣ್ಣಾ? ಇಳಿದ ಮ್ಯಾಲೆ ಲಾರಿ 400 ಕಿಲೋಮೀಟರ್ ಬರಬೇಕು.

ಗೋಕುಲ ರೋಡ್ ರೂಟ್: ಲಾರಿ ಹೊಂಟ ಮ್ಯಾಲೆ ಒಂದು ಮೆಸೇಜ್ ಹಾಕಾಕ ಏನಾಗತೈತಿ? ಮನ್ಯಾಗ ಉಂಡ ಬರ್ತೀವಿ. ಗಿರಾಕಿ ಆ್ಯಪ್‌ನ್ಯಾಗ "ಇವತ್ತೇ" ಅಂತ ಇರತೈತಿ, ಬೈಗುಳ ನಮಗ.

ಸಾರ್ಟಿಂಗ್ ಹುಡುಗ: ಅದಕ್ಕ ನಿನ್ನೆ ಮನ್ಯಾಗಿದ್ದ ಗಿರಾಕಿಗೂ "ಬಾಗಲ ಹಾಕಿತ್ತು" ಅಂತ ಒತ್ತಿದ್ದೇನು?

ಗೋಕುಲ ರೋಡ್ ರೂಟ್: ಏ ತಮ್ಮಾ, ಹೊರಗ ಸಿಗು.

ಅಡ್ಮಿನ್: ಇಬ್ಬರೂ ಬಾಯಿ ಮುಚ್ರಿ.

ತಾರಿಹಾಳ ರೂಟ್: ಮೇಡಂ, ಖಾಲಿ ಹೊಟ್ಟಿಗೆ ಚಾ ಕುಡದ್ರ ಎದಿ ಉರೀತೈತಿ.

ಡಾಕ್ಟರ್: ಮ್ಯಾಲೆ ಓದ್ರಿ.

ರಾಯಾಪುರ ರೂಟ್: ಪಾರ್ಸಲ್ ಬಿಟ್ಟು ಹೋಗಾಕ ಆಗದ ಒಂದಾ ಕಟ್ಟಿ ಹಿಡೀತೀವ್ರಿ. ನೀರ ಕುಡಿಯೂದು ಬಿಟ್ಟೀನಿ.

ಡಾಕ್ಟರ್: ಎರಡೂ ತಪ್ಪು. ಕಲ್ಲು ಆಗತೈತಿ, ಸೋಂಕೂ ಆಗತೈತಿ.

ಸಪ್ತಾಪುರ ರೂಟ್: ಕಲ್ಲಿಗೆ ಬಾಳಿದಿಂಡಿನ ರಸದ ಒಂದು ವಿಡಿಯೋ ಐತ್ರಿ, ಹಾಕ್ಲೇನು?

ಡಾಕ್ಟರ್: ಹಾಕಿದ್ರ ನಾ ಗ್ರೂಪ್ ಬಿಡ್ತೀನಿ.

ಗೋಕುಲ ರೋಡ್ ರೂಟ್: ಮೇಡಂ, ನಿದ್ದಿದು ಕೇಳಿದ್ನೆಲ್ರಿ?

ಸಾರ್ಟಿಂಗ್ ಹುಡುಗ: ನಾಳೆನೂ ದಿಲ್ಲಿ ವಿಮಾನ ತಡ. ಲೋಡು ಹನ್ನೊಂದೂವರಿಗೆ. ಮೆಸೇಜ್ ಹಾಕೀನಿ ನೋಡಪಾ.

ನವನಗರ ರೂಟ್: ಗುಳಿಗಿ ಬುತ್ತಿ ಡಬ್ಬಿ ಮುಚ್ಚಳಕ್ಕ ರಬ್ಬರ್ ಹಾಕಿ ಕಟ್ಟೀನ್ರಿ ಮೇಡಂ.