ಕ್ಲಿಯರ್ ಕೋಟ್ ಉಜ್ಜಲು ಯಾವ ಸ್ಯಾಂಡರ್ ತಗೊಳ್ಳಲಿ?

ಪ್ರಶ್ನೆ (ಸಾಗರದಿಂದ)

ಅಪ್ಪನ 1997ರ ಮಾರುತಿ 800ಕ್ಕೆ ಈ ಬೇಸಿಗೆಯಲ್ಲಿ ನಾನೇ ಪೇಂಟ್ ಹೊಡೆದಿದ್ದೇನೆ. ಕಡು ನೀಲಿ ಬೇಸ್ ಕೋಟ್, ಅದರ ಮೇಲೆ ಮೂರು ಸಲ 2ಕೆ ಕ್ಲಿಯರ್ (ಹಾರ್ಡನರ್ ಬೆರೆಸಿ ಹೊಡೆಯುವ ಬಣ್ಣವಿಲ್ಲದ ಹೊಳಪಿನ ಪದರ). ಅಡಿಕೆ ಒಣಗಿಸುವ ಅಂಗಳದಲ್ಲೇ ಪ್ಲಾಸ್ಟಿಕ್ ಶೀಟ್ ಕಟ್ಟಿಕೊಂಡು ಮಾಡಿದ ಕೆಲಸ. ಬಣ್ಣ ಚೆನ್ನಾಗಿ ಕೂತಿದೆ. ಆದರೆ ಬಾನೆಟ್ ಮತ್ತು ಟಾಪ್ ಮೇಲೆ ಕಿತ್ತಳೆ ಸಿಪ್ಪೆ ತರ ತರಿ ತರಿ ಕಾಣುತ್ತದೆ. ಅಲ್ಲಲ್ಲಿ ಧೂಳೂ ಸಿಕ್ಕಿಕೊಂಡಿದೆ.

ಮರದ ತುಂಡಿಗೆ ವಾಟರ್ ಪೇಪರ್ ಸುತ್ತಿ ಕೈಯಲ್ಲೇ ಶುರು ಮಾಡಿದೆ. ಎಡಗಡೆ ಬಾಗಿಲು ಒಂದಕ್ಕೇ ಭಾನುವಾರ ಪೂರ್ತಿ ಹೋಯಿತು. ಸೋಮವಾರ ಭುಜ ಎತ್ತಲು ಆಗಲಿಲ್ಲ. ಆಮೇಲೆ ಪಕ್ಕದ ಮನೆಯ ಬಡಗಿ ಹತ್ತಿರ ಸ್ಯಾಂಡರ್ (ಪೇಪರ್ ತಿರುಗಿಸಿ ಉಜ್ಜುವ ಮಷಿನ್) ತಂದು, ಗುಜರಿಯ ಹಳೇ ಬಾಗಿಲಿನ ಮೇಲೆ 1500 ನಂಬರಿನ ಪೇಪರ್ (ನಂಬರ್ ಹೆಚ್ಚಿದಷ್ಟೂ ನಯ) ಹಾಕಿ ನೋಡಿದೆ. ನೆರಳಲ್ಲಿ ಚೆನ್ನಾಗೇ ಇತ್ತು. ಕಂಪೌಂಡ್ (ಹೊಳಪು ಬರಿಸುವ ಪೇಸ್ಟ್) ಹಾಕಿ ಬಿಸಿಲಿಗೆ ತಂದರೆ ಬಾಗಿಲ ತುಂಬಾ ಸುರುಳಿ ಸುರುಳಿ ಗೀರು.

ಗೆಳೆಯನೊಬ್ಬ ಕಂಪ್ರೆಸರ್ ಗಾಳಿಯಲ್ಲಿ ಓಡುವ ಹಳೇ 6 ಇಂಚಿನ ಏರ್ ಸ್ಯಾಂಡರ್ ಕೊಡುತ್ತೇನೆ ಅನ್ನುತ್ತಿದ್ದಾನೆ. ನನ್ನ ಕಂಪ್ರೆಸರ್ 2 ಎಚ್‌ಪಿ, 50 ಲೀಟರ್. ಅದು ತಗೊಳ್ಳಲಾ, ಇಲ್ಲ ಕರೆಂಟಿನದು ತಗೊಳ್ಳಲಾ? ಅಪ್ಪ ಇದೇ ಗಾಡಿಯಲ್ಲಿ ನನ್ನನ್ನು ಹೈಸ್ಕೂಲಿಗೆ ಬಿಟ್ಟು ಬರುತ್ತಿದ್ದರು. ಕೆಡಿಸಲು ಮನಸ್ಸಿಲ್ಲ.

ಉತ್ತರ (ಹುಬ್ಬಳ್ಳಿಯ ಪೇಂಟರ್)

ತಮ್ಮಾ, ಏರ್ ಸ್ಯಾಂಡರ್ ಬೇಡ. ಇಪ್ಪತ್ತೆರಡು ವರ್ಷದಿಂದ ನಾನು ಅದರಲ್ಲೇ ಕೆಲಸ ಮಾಡುತ್ತಿದ್ದೇನೆ, ಆದರೂ ನಿನಗೆ ಬೇಡ ಅನ್ನುತ್ತೇನೆ. ಅದು ಬಿಡದೆ ಓಡಬೇಕಾದರೆ 90 ಪಿಎಸ್ಐ ಒತ್ತಡದಲ್ಲಿ ಹತ್ತು ಹದಿನೈದು ಸಿಎಫ್ಎಂ (ನಿಮಿಷಕ್ಕೆ ಅಷ್ಟು ಘನ ಅಡಿ) ಗಾಳಿ ಬೇಕು. ನಿನ್ನ ಕಂಪ್ರೆಸರ್ ಅದರ ಅರ್ಧದಷ್ಟು ಕೊಟ್ಟರೆ ಹೆಚ್ಚು. ಅರ್ಧ ನಿಮಿಷ ಓಡುತ್ತದೆ, ಗಾಳಿ ಇಳಿಯುತ್ತದೆ, ಪ್ಯಾಡ್ ನಿಧಾನವಾಗುತ್ತದೆ. ಅಂಥ ಹೊತ್ತಿನಲ್ಲೇ ಕೈ ತಾನಾಗಿ ಒತ್ತುತ್ತದೆ, ಗೀರು ಬೀಳುತ್ತದೆ.

ಬಡಗಿಯ ಮಷಿನ್ ಯಾಕೆ ಗೀರು ಹಾಕಿತು ಗೊತ್ತಾ? ಪ್ಯಾಡ್ ಸುತ್ತುವಾಗ ಪಕ್ಕಕ್ಕೂ ಓಲಾಡುತ್ತದೆ ಅಲ್ವಾ, ಆ ಓಲಾಟದ ಅಳತೆ ನೋಡಬೇಕು. 5 ಮಿ.ಮೀ. ಇದ್ದರೆ ಪುಟ್ಟಿ, ಪ್ರೈಮರ್ ಬೇಗ ಕೀಳಲು ಒಳ್ಳೆಯದು. ಕೊನೆಯ ಕೆಲಸಕ್ಕೆ 2.5ರಿಂದ 3 ಮಿ.ಮೀ. ಸಾಕು. ಅಂಗಡಿಯವರು ವ್ಯಾಟ್ ಹೇಳುತ್ತಾರೆ, ನೀನು ಈ ಅಳತೆ ಕೇಳು. ಇನ್ನೊಂದು ಕಾರಣ ಧೂಳು. ಒಂದೇ ಒಂದು ದಪ್ಪ ಕಣ ಪೇಪರ್ ಕೆಳಗೆ ಸಿಕ್ಕರೂ ಹಂದಿ ಬಾಲದ ಹಾಗೆ ಸುರುಳಿ ಬರೆಯುತ್ತದೆ. ವ್ಯಾಕ್ಯೂಮ್ ಪೈಪ್ ಸಿಕ್ಕಿಸಲು ಬರುವ ಮಷಿನ್ನೇ ತಗೋ.

ಉತ್ತರ (ಮೈಸೂರಿನಿಂದ)

ನನ್ನ ಹತ್ತಿರ ಬಾಷ್ ಜಿಇಎಕ್ಸ್ 125-1 ಎಇ ಇದೆ. 250 ವ್ಯಾಟ್, 5 ಇಂಚಿನ ಪ್ಯಾಡ್, ಓಲಾಟ 2.5 ಮಿ.ಮೀ. ವೇಗ ಹೆಚ್ಚು ಕಡಿಮೆ ಮಾಡಬಹುದು. ಇದೇ ವರ್ಗದ ಮಕಿಟಾ ಬಿಒ5031 ಕೂಡ 2.8 ಮಿ.ಮೀ. ಮಾತ್ರ. ಎರಡನ್ನೂ ಮರಗೆಲಸಕ್ಕೆ ಅಂತಲೇ ಮಾರುತ್ತಾರೆ, ಆದರೆ ಓಲಾಟ ಸಣ್ಣದಾದ್ದರಿಂದ ನಮ್ಮ ಕೆಲಸಕ್ಕೂ ಒಗ್ಗುತ್ತವೆ. ನನ್ನ ಸ್ಕೂಟರ್ ಪ್ಯಾನೆಲ್‌ಗಳನ್ನು ಅದರಲ್ಲೇ ಮುಗಿಸಿದೆ. ಸುಮ್ನೆ ಮಷಿನ್ ತೂಕಕ್ಕೆ ಬಿಡಿ, ಒತ್ತಬೇಡಿ.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್ ಅಣ್ಣಾ. ಎರಡು ಸಂಶಯ. ನೀರು ಹಾಕಿ ಉಜ್ಜಬಹುದಾ? ಮಷಿನ್ ಪ್ಯಾಡಿಗೂ ಪೇಪರಿಗೂ ಮಧ್ಯೆ ಹಾಕುವ ಫೋಮ್ ಪ್ಯಾಡ್ ಬೇಕೇ ಬೇಕಾ?

ಉತ್ತರ (ಹುಬ್ಬಳ್ಳಿಯ ಪೇಂಟರ್)

ಕರೆಂಟಿನ ಮಷಿನ್‌ಗೆ ನೀರು ಖಂಡಿತ ಬೇಡ. ಜೀವದ ಮಾತಿದು. 1500, 2000 ಫಿಲ್ಮ್ ಡಿಸ್ಕ್ (ಕಾಗದದ ಬದಲು ಪ್ಲಾಸ್ಟಿಕ್ ಹಾಳೆಯ ಉಜ್ಜುವ ಬಿಲ್ಲೆ) ಹಾಕಿ ಒಣಗಿದ್ದಾಗಲೇ ಉಜ್ಜು. ಕೊನೆಯ 3000 ಮಾತ್ರ ಕೈಯಲ್ಲಿ, ನೀರು ಹಾಕಿ. ಒಂದು ನಂಬರ್ ಮುಗಿದ ಮೇಲೆ ಬಟ್ಟೆಯಲ್ಲಿ ಪೂರ್ತಿ ಒರೆಸಿ, ಆಮೇಲೆ ಮುಂದಿನದು.

ಫೋಮ್ ವಿಷಯದಲ್ಲಿ ಜಾಸ್ತಿ ಜನ ತಪ್ಪುತ್ತಾರೆ. ಮೆತ್ತನೆ ಫೋಮ್ ತರಿಯ ಮೇಲೆ ಕೆಳಗೆ ಹತ್ತಿ ಇಳಿಯುತ್ತದೆ, ತರಿ ಹಾಗೇ ಉಳಿಯುತ್ತದೆ. ಬಾನೆಟ್, ಟಾಪ್ ಥರ ಸಪಾಟು ಜಾಗಕ್ಕೆ ಮೊದಲ 1500 ಗಟ್ಟಿ ಪ್ಯಾಡಿನಲ್ಲೇ ಆಗಲಿ. ಬಾಗಿದ ಕಡೆ, ಮತ್ತೆ 2000ಕ್ಕೆ, ಫೋಮ್ ಹಾಕು.

ಅಂಚು, ಬಾಡಿ ಗೆರೆ, ಮೂಲೆಗೆ ಮಷಿನ್ ತಾಗಿಸಲೇಬೇಡ. ಅಲ್ಲಿ ಕ್ಲಿಯರ್ ತೆಳ್ಳಗಿರುತ್ತದೆ. ಸಪಾಟು ಜಾಗದಲ್ಲೇ ಒಟ್ಟು ಐವತ್ತು ಅರವತ್ತು ಮೈಕ್ರಾನ್, ಅಂದರೆ ತಲೆಗೂದಲಿನಷ್ಟೂ ದಪ್ಪ ಇರಲಾರದು. ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸು. ಉದುರುವ ಪುಡಿ ಬಿಳಿ ಇರುವ ತನಕ ಕ್ಲಿಯರ್ ಮೇಲೇ ಇದ್ದೀಯ. ಪೇಪರ್‌ಗೆ ನೀಲಿ ಹತ್ತಿತೋ, ಅಲ್ಲೇ ನಿಲ್ಲಿಸು. ಮತ್ತೆ ಕ್ಲಿಯರ್ ಹೊಡೆಯದೆ ದಾರಿಯಿಲ್ಲ. ಮೊದಲು ಆ ಗುಜರಿ ಬಾಗಿಲಿನ ಮೇಲೇ ಕೈ ಪಳಗಲಿ.

ಪ್ರಶ್ನೆ ಕೇಳಿದವರು (ಮೂರು ವಾರದ ನಂತರ)

ಬಾಷ್ ತಗೊಂಡೆ. ಗುಜರಿ ಬಾಗಿಲಿನ ಮೇಲೆ ಎರಡು ಸಂಜೆ ಅಭ್ಯಾಸ ಮಾಡಿದೆ. ಬಾನೆಟ್ ಎರಡೂವರೆ ಗಂಟೆಯಲ್ಲಿ ಮುಗಿಯಿತು. ಅಂಚುಗಳನ್ನು ಕೈಯಲ್ಲೇ ಉಜ್ಜಿದೆ. ಎಲ್ಲೂ ನೀಲಿ ಕಾಣಲಿಲ್ಲ. ಕಂಪೌಂಡ್ ಆದ ಮೇಲೆ ಬಿಸಿಲಲ್ಲಿ ನಿಲ್ಲಿಸಿದೆ, ಮನೆ ಮುಂದಿನ ತೆಂಗಿನ ಗರಿ ಬಾನೆಟ್ ಒಳಗೆ ಕನ್ನಡಿಯಲ್ಲಿ ಕಂಡ ಹಾಗೆ ಗೆರೆ ಗೆರೆಯಾಗಿ ಕಾಣುತ್ತಿತ್ತು. ಅಪ್ಪ ಏನೂ ಹೇಳಲಿಲ್ಲ. ಒಳಗೆ ಹೋಗಿ ಕನ್ನಡಕ ಹಾಕಿಕೊಂಡು ಬಂದು ಮತ್ತೆ ನೋಡಿದರು. ಟಾಪ್ ಇನ್ನೂ ಬಾಕಿ ಇದೆ, ಮಳೆ ಹಿಡಿಯುವ ಮೊದಲು ಮುಗಿಸಬೇಕು.