ಹದಿಹರೆಯದವರ ಖಿನ್ನತೆ ಮತ್ತು ರೀಲ್ಸ್: ಮನೋವೈದ್ಯರಿಗೆ ಕೇಳಿದ ಪ್ರಶ್ನೆಗಳು

ಪ್ರಶ್ನೆ (ಹೈಸ್ಕೂಲ್ ಶಿಕ್ಷಕಿ): ಡಾಕ್ಟ್ರೇ, ನಮ್ಮ ಮಕ್ಕಳಲ್ಲಿ ಕೆಲವರು ತಿಂಗಳುಗಟ್ಟಲೆ ಮಂಕಾಗಿರುತ್ತಾರೆ. ಕೌನ್ಸೆಲರ್ ಹತ್ತಿರ ಹೋಗು ಅಂದರೆ ‘ನಂಗೇನು ಹುಚ್ಚಾ ಮಿಸ್?’ ಅನ್ನುತ್ತಾರೆ. ಈ ಮುಜುಗರ ಹೋಗಿಸಲು ಮಕ್ಕಳೇ ಸೇರಿ ಒಂದೊಂದು ನಿಮಿಷದ ರೀಲ್ಸ್ ಮಾಡಬೇಕು ಅಂತಿದ್ದಾರೆ. ಇಷ್ಟು ಚಿಕ್ಕ ವಿಡಿಯೊದಿಂದ ನಿಜವಾಗಿ ಏನಾದರೂ ಆಗುತ್ತದಾ?

ಉತ್ತರ (ಮನೋವೈದ್ಯೆ): ಆಗುತ್ತದೆ ಮೇಡಂ. ಆದರೆ ಎಲ್ಲ ವಿಡಿಯೊದಿಂದಲೂ ಆಗುವುದಿಲ್ಲ.

ಅಮೆರಿಕದಲ್ಲಿ 14ರಿಂದ 18 ವರ್ಷದ ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ಇದನ್ನೇ ಪರೀಕ್ಷೆ ಮಾಡಿದರು. ಎರಡು ನಿಮಿಷವೂ ಇಲ್ಲದ ವಿಡಿಯೊ. ಅದರಲ್ಲಿ ಅವರದೇ ವಯಸ್ಸಿನ ಹುಡುಗಿಯೊಬ್ಬಳು ತನಗೆ ಖಿನ್ನತೆ ಬಂದಾಗ ಹೇಗಿತ್ತು, ಮನೆಯವರು, ಸ್ನೇಹಿತರು ಮತ್ತು ಚಿಕಿತ್ಸೆ ಹೇಗೆ ಕೈಹಿಡಿದವು ಅಂತ ಹೇಳುತ್ತಾಳೆ. ಇನ್ನೊಂದು ಗುಂಪಿಗೆ ಖಿನ್ನತೆಯ ಮಾತೇ ಇಲ್ಲದ ವಿಡಿಯೊ ತೋರಿಸಿದರು. ಮೊದಲ ವಿಡಿಯೊ ನೋಡಿದ ಮಕ್ಕಳಲ್ಲಿ ಖಿನ್ನತೆ ಇರುವವರ ಬಗ್ಗೆ ಇದ್ದ ಕೀಳುಭಾವ ಕಡಿಮೆಯಾಯಿತು, ಸಹಾಯ ಕೇಳಬಹುದು ಅನ್ನುವ ಮನಸ್ಸು ಹೆಚ್ಚಾಯಿತು.

ಆ ಹುಡುಗಿ ಪಾಠ ಮಾಡಲಿಲ್ಲ, ತನ್ನ ಕಥೆ ಹೇಳಿದಳು. ನೀವು ಗಮನಿಸಬೇಕಾದದ್ದು ಇದು. ಬಿಳಿ ಕೋಟು ಹಾಕಿಕೊಂಡು ನಾನು ಬಂದು ‘ಖಿನ್ನತೆಯ ಐದು ಲಕ್ಷಣಗಳು’ ಅಂದರೆ ಮಕ್ಕಳು ಬೆರಳಾಡಿಸಿ ಮುಂದಿನ ವಿಡಿಯೊಗೆ ಹೋಗುತ್ತಾರೆ. ‘ಹತ್ತನೇ ಕ್ಲಾಸಲ್ಲಿ ಮೂರು ತಿಂಗಳು ಯಾರ ಮೆಸೇಜಿಗೂ ರಿಪ್ಲೈ ಮಾಡಲಿಲ್ಲ’ ಅಂತ ಅವರದೇ ವಯಸ್ಸಿನ ಒಬ್ಬರು ಹೇಳಿದರೆ ಅಲ್ಲೇ ನಿಲ್ಲುತ್ತಾರೆ.

ಹಾಗಂತ ಮಾಹಿತಿಯನ್ನು ಪೂರ್ತಿ ಬಿಡಬೇಡಿ. 2012ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಪ್ಯಾಟ್ರಿಕ್ ಕಾರಿಗನ್ ಮತ್ತು ಜೊತೆಗಾರರು, ಮಾನಸಿಕ ಕಾಯಿಲೆಯ ಬಗ್ಗೆ ಇರುವ ಕೀಳುಭಾವ ಹೋಗಿಸುವುದು ಹೇಗೆ ಅನ್ನುವ ಅದುವರೆಗಿನ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ದೊಡ್ಡವರ ಮನಸ್ಸು ಹೆಚ್ಚು ಬದಲಾದದ್ದು ಕಾಯಿಲೆ ಅನುಭವಿಸಿದವರ ಭೇಟಿಯಿಂದ. ಹದಿಹರೆಯದವರಲ್ಲಿ ತಿಳಿವಳಿಕೆ ಕೊಡುವುದೇ ಹೆಚ್ಚು ಕೆಲಸ ಮಾಡಿತ್ತು. ಇನ್ನೊಂದು ವಿಷಯ, ಎದುರು ಕೂತು ಮಾತಾಡುವುದು ವಿಡಿಯೊಗಿಂತ ಹೆಚ್ಚು ಪರಿಣಾಮ ಬೀರಿತ್ತು. ಅದಕ್ಕೇ ಕಥೆಯ ಒಳಗೇ ಒಂದೆರಡು ಸರಿಯಾದ ಮಾಹಿತಿ ಸೇರಿಸಿ. ವಿಡಿಯೊ ಮುಗಿದ ಮೇಲೆ ತರಗತಿಯಲ್ಲಿ ಅರ್ಧ ಗಂಟೆ ಮಾತಾಡಿ. ಆ ಅರ್ಧ ಗಂಟೆಯನ್ನು ದಯವಿಟ್ಟು ತಪ್ಪಿಸಬೇಡಿ.

ಶಿಕ್ಷಕಿ: ‘ಇದು ಮೆದುಳಿನ ಕಾಯಿಲೆ, ನಿಮ್ಮ ತಪ್ಪಲ್ಲ’ ಅಂತ ಒಂದು ಸಾಲು ಹಾಕಿದ್ದೇವೆ. ಸರಿ ತಾನೇ?

ಉತ್ತರ: ‘ನಿಮ್ಮ ತಪ್ಪಲ್ಲ’ ಅನ್ನುವುದು ಇರಲಿ. ಬರೀ ಮೆದುಳಿನ ಕಾಯಿಲೆ ಅಂದು ನಿಲ್ಲಿಸುವುದು ಬೇಡ. 2013ರಲ್ಲಿ ಬಂದ ಒಂದು ದೊಡ್ಡ ವಿಶ್ಲೇಷಣೆಯ ಪ್ರಕಾರ, ಮಾನಸಿಕ ಸಮಸ್ಯೆಗಳಿಗೆ ಇಂಥ ವಿವರಣೆ ಕೊಟ್ಟಾಗ ಜನ ರೋಗಿಯನ್ನು ದೂಷಿಸುವುದು ಕಡಿಮೆಯಾಗುತ್ತದೆ, ಆದರೆ ‘ಇದು ವಾಸಿಯಾಗುವುದಲ್ಲ’ ಅನ್ನುವ ನಿರಾಶೆ ಜಾಸ್ತಿಯಾಗುತ್ತದೆ. ದೇಹ, ಮನೆ, ಶಾಲೆ, ಸ್ನೇಹ ಎಲ್ಲವೂ ಸೇರಿ ಖಿನ್ನತೆ ಬರುತ್ತದೆ, ಚಿಕಿತ್ಸೆಯಿಂದ ಹೆಚ್ಚಿನವರು ಸುಧಾರಿಸುತ್ತಾರೆ ಅಂತ ಹೇಳಿಸಿ. ಸುಧಾರಿಸುತ್ತದೆ ಅನ್ನುವ ಮಾತು ಮಕ್ಕಳ ಕಿವಿಗೆ ಬೀಳಲೇಬೇಕು.

ಪ್ರಶ್ನೆ (ಒಬ್ಬ ತಾಯಿ): ನನ್ನ ಚಿಂತೆ ಬೇರೆ ಮೇಡಂ. ಇಂಥ ವಿಡಿಯೊ ನೋಡಿ ನೋಡಿ ನನ್ನ ಮಗ ‘ನಂಗೂ ಡಿಪ್ರೆಶನ್’ ಅನ್ನುತ್ತಾನೆ. ಸುಮ್ನೆ ತಲೆಗೆ ಹಾಕಿಕೊಳ್ಳುತ್ತಿದ್ದಾನಾ?

ಉತ್ತರ: ನಿಮ್ಮ ಚಿಂತೆ ನ್ಯಾಯವಾದದ್ದೇ ಅಮ್ಮಾ. ಒಂದು ವಿಡಿಯೊ ಪೂರ್ತಿ ನೋಡಿದರೆ ಆ್ಯಪ್ ಅಂಥವೇ ಹತ್ತು ತಂದು ಮುಂದಿಡುತ್ತದೆ. ದಿನವಿಡೀ ಅದನ್ನೇ ನೋಡಿದರೆ ಸಣ್ಣ ಬೇಜಾರೂ ದೊಡ್ಡದಾಗಿ ಕಾಣಬಹುದು.

ಆದರೆ ಅವನ ಜೊತೆ ಹೆಸರಿನ ಬಗ್ಗೆ ವಾದಕ್ಕೆ ಇಳಿಯಬೇಡಿ. ‘ನಿನಗೆಂಥ ಡಿಪ್ರೆಶನ್, ಏನು ಕಡಿಮೆ ಮಾಡಿದ್ದೇವೆ?’ ಅಂದರೆ ಅವನು ಮತ್ತೆ ಬಾಯಿ ಬಿಡುವುದಿಲ್ಲ. ‘ಏನನ್ನಿಸುತ್ತಿದೆ? ಯಾವಾಗಿನಿಂದ?’ ಅಂತ ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಿ. ಎರಡು ವಾರಕ್ಕೂ ಹೆಚ್ಚು ಕಾಲ ಹೆಚ್ಚುಕಡಿಮೆ ಪ್ರತಿದಿನ ಬೇಸರ ಇದೆಯಾ? ಇಷ್ಟದ ಆಟ, ಗೆಳೆಯರು ಬೇಡವಾಗಿದ್ದಾರಾ? ನಿದ್ದೆ, ಊಟ, ಓದು ಕೆಟ್ಟಿದೆಯಾ? ಈ ವಯಸ್ಸಿನಲ್ಲಿ ಖಿನ್ನತೆ ಅಳುವಿಗಿಂತ ಸಿಡುಕಾಗಿಯೇ ಕಾಣಿಸಬಹುದು. ಹೌದು ಅನಿಸಿದರೆ ಡಾಕ್ಟರಿಗೆ ತೋರಿಸಿ. ಸಾಯುವ ಮಾತು ಬಂದರಂತೂ ಎರಡು ವಾರ ಕಾಯಬೇಡಿ, ಅವತ್ತೇ ಕರೆದುಕೊಂಡು ಹೋಗಿ, ಅಲ್ಲಿಯವರೆಗೆ ಒಬ್ಬನನ್ನೇ ಬಿಡಬೇಡಿ. ಅವನು ಹೇಳುವುದು ವಿಡಿಯೊದಿಂದ ಕಲಿತ ಮಾತೇ ಇರಲಿ, ಹೇಳಿದ್ದು ನಿಮಗೆ ತಾನೇ. ಎಷ್ಟೋ ಮನೆಗಳಲ್ಲಿ ಮಕ್ಕಳು ಅಷ್ಟೂ ಹೇಳುವುದಿಲ್ಲ.

ಪ್ರಶ್ನೆ (ವಿದ್ಯಾರ್ಥಿ, 17 ವರ್ಷ): ಮೇಡಂ, ಹೋದ ವರ್ಷ ನನಗೆ ಖಿನ್ನತೆ ಇತ್ತು. ಈಗ ಪರವಾಗಿಲ್ಲ. ನನ್ನ ಕಥೆ ನಾನೇ ಹೇಳಿ ವಿಡಿಯೊ ಹಾಕಬೇಕು ಅಂತಿದ್ದೇನೆ. ಹಾಕಬಹುದಾ?

ಉತ್ತರ: ನಿಮ್ಮ ಧೈರ್ಯ ಕಂಡು ತುಂಬಾ ಖುಷಿಯಾಯಿತು. ಆತುರ ಮಾತ್ರ ಬೇಡ. ಒಮ್ಮೆ ಹಾಕಿದ ವಿಡಿಯೊವನ್ನು ಪೂರ್ತಿ ವಾಪಸ್ ಪಡೆಯಲು ಆಗುವುದಿಲ್ಲ. ನೀವು ಅಳಿಸಿದರೂ ಯಾರದೋ ಫೋನಿನಲ್ಲಿ ಉಳಿದಿರುತ್ತದೆ. ನಾಲ್ಕೈದು ವರ್ಷ ಆದಮೇಲೂ ಇದು ಎಲ್ಲರಿಗೂ ಗೊತ್ತಿರಲಿ ಅನಿಸುತ್ತದಾ, ಯೋಚಿಸಿ. ಮನೆಯವರ ಜೊತೆ, ನಿಮಗೆ ಚಿಕಿತ್ಸೆ ಕೊಟ್ಟವರ ಜೊತೆ ಮೊದಲು ಮಾತಾಡಿ. ಮುಖ ತೋರಿಸದೆ ಬರೀ ದನಿಯಲ್ಲೂ ಹೇಳಬಹುದು. ನೀವು ಬರೆದುಕೊಟ್ಟದ್ದನ್ನು ಇನ್ನೊಬ್ಬರು ಓದಬಹುದು.

ಹೇಳುವಾಗ ಕತ್ತಲಲ್ಲೇ ನಿಲ್ಲಬೇಡಿ. ಕಷ್ಟ ಹೇಗಿತ್ತು ಅನ್ನುವುದಕ್ಕೆ ಕಾಲು ಭಾಗ ಸಾಕು. ಮೊದಲು ಯಾರಿಗೆ ಹೇಳಿದಿರಿ, ಹೇಳುವಾಗ ಎಷ್ಟು ಭಯವಾಯಿತು, ಅವರು ಏನು ಮಾಡಿದರು, ಕೌನ್ಸೆಲಿಂಗ್ ಕೋಣೆಯಲ್ಲಿ ನಿಜವಾಗಿ ಏನು ನಡೆಯುತ್ತದೆ ಅನ್ನುವುದಕ್ಕೆ ಉಳಿದ ಸಮಯ ಕೊಡಿ. ಒಳಗೆ ಏನು ಕೇಳುತ್ತಾರೋ ಅನ್ನುವ ಭಯದಲ್ಲೇ ತುಂಬಾ ಮಕ್ಕಳು ಬಾಗಿಲಿಂದ ವಾಪಸ್ ಹೋಗುತ್ತಾರೆ.

ಸಾಯುವ ಯೋಚನೆ ಬಂದಿದ್ದರೆ ಅದನ್ನು ಹೇಳಬಹುದು. ವಿಧಾನ, ಜಾಗ, ಗಾಯದ ಗುರುತು ಮಾತ್ರ ಯಾವ ಕಾರಣಕ್ಕೂ ಬೇಡ. 2010ರಲ್ಲಿ ಆಸ್ಟ್ರಿಯಾದ ಸಂಶೋಧಕರು ಪತ್ರಿಕೆಗಳ ವರದಿಗಳನ್ನು ಪರಿಶೀಲಿಸಿದಾಗ, ಅಂಥ ಯೋಚನೆ ಬಂದರೂ ಕಷ್ಟ ದಾಟಿ ಬದುಕಿದವರ ಸುದ್ದಿ ಬಂದ ನಂತರ ಆತ್ಮಹತ್ಯೆಗಳು ಕಡಿಮೆಯಾಗಿದ್ದು ಕಂಡಿತ್ತು. ಒಂದೇ ಆತ್ಮಹತ್ಯೆಯ ಸುದ್ದಿಯನ್ನು ಮತ್ತೆ ಮತ್ತೆ ಬರೆದ ಕಡೆ ಇದಕ್ಕೆ ತದ್ವಿರುದ್ಧ. ಹೇಗೆ ಹೇಳುತ್ತೀರಿ ಅನ್ನುವುದು ಅಷ್ಟು ಮುಖ್ಯ.

ಶಿಕ್ಷಕಿ: ಕಾಮೆಂಟ್ಸ್ ಏನು ಮಾಡೋಣ? ಗೇಲಿ ಮಾಡುವವರೂ ಇರುತ್ತಾರೆ ಅಲ್ವಾ?

ಉತ್ತರ: ಇರುತ್ತಾರೆ. ದಿನವೂ ನೋಡಿ ತೆಗೆಯಲು ಒಬ್ಬ ದೊಡ್ಡವರು ಇಲ್ಲದಿದ್ದರೆ ಕಾಮೆಂಟ್ ಮುಚ್ಚಿಬಿಡಿ. ಆ ಕೆಲಸವನ್ನು ಮಕ್ಕಳ ಮೇಲೆ ಹಾಕಬೇಡಿ. ಕಥೆ ಹೇಳಿದ ಮಗುವಿನ ಮೇಲಂತೂ ಬೇಡವೇ ಬೇಡ. ‘ನನಗೂ ಹೀಗೇ ಆಗುತ್ತಿದೆ’ ಅಂತ ರಾತ್ರಿ ಹನ್ನೊಂದಕ್ಕೆ ಯಾರೋ ಬರೆದರೆ ಯಾರು ಉತ್ತರಿಸಬೇಕು, ಏನಂತ ಉತ್ತರಿಸಬೇಕು ಅನ್ನುವುದನ್ನು ವಿಡಿಯೊ ಹಾಕುವ ಮೊದಲೇ ತೀರ್ಮಾನಿಸಿ. ಕೊನೆಯಲ್ಲಿ ಒಂದು ಸಹಾಯವಾಣಿ ನಂಬರ್ ಹಾಕಿ, ಆ ನಂಬರಿಗೆ ನೀವೇ ಒಮ್ಮೆ ಫೋನ್ ಮಾಡಿ ಯಾರಾದರೂ ಎತ್ತುತ್ತಾರಾ ನೋಡಿಕೊಳ್ಳಿ. ನಿಮ್ಮ ಶಾಲೆಯ ಕೌನ್ಸೆಲರ್ ಯಾವ ಕೋಣೆಯಲ್ಲಿ, ಯಾವ ಹೊತ್ತಿಗೆ ಸಿಗುತ್ತಾರೆ ಅನ್ನುವುದನ್ನೂ ಬರೆಯಿರಿ.